ಅತ್ತೆಯ ಮಡಿ, ಮೊರಾಕ್ಕೊದ ಚರ್ಮ

ಅನುಮಾನ ನನ್ನ ಹುಟ್ಟುಗುಣ. ಧನಕವಡಿಯ ನಮ್ಮ ಓಣಿಯ ಭಾಜಿವಾಲಿ ನನ್ನನ್ನು ಕಂಡರೆ ತಾನೇ ಬದನೆಕಾಯಿ ಮುರಿದು, ಹುಳವಿಲ್ಲವೆಂದು ತೋರಿಸುತ್ತಾಳೆ. ಹೀಗಿರುವಾಗ ಆಫೀಸಿನ ಕೆಲಸಕ್ಕೆಂದು ಮೊರಾಕ್ಕೊಗೆ ಹೋಗಿಬಂದ ಮಗಳು ಕೆಂಪು ಚರ್ಮದ ಖಾಲಿ ಚೀಲವೊಂದನ್ನು ಹಾಲ್‌ನಲ್ಲಿ ಬಿಚ್ಚಿ ಹರವಿದರೆ ಸುಮ್ಮನಿರುವುದುಂಟೆ? ಯಾವ ಪ್ರಾಣಿಯದು ಎಂದು ಮೊದಲು ಕೇಳಿದೆ.

"ಆಡಿಂದು, ಅಮ್ಮಾ. ಆ ದೇಶದ ಹೆಸರ ಈ ಚರ್ಮಕ್ಕ ಬಂದದ, ಮೊರಾಕ್ಕೊ ಲೆದರ್ ಅಂತ. ಹಿಂದಕ ದೊಡ್ಡ ದೊಡ್ಡ ಪುಸ್ತಕಕ್ಕೆಲ್ಲಾ ಇದನ್ನ ಹೊದಸ್ತಿದ್ರಂತ."

"ಆಡ ಹೇಳ್ತೋ, ಅಂಗಡಿಯಾಂವ ಹೇಳಿದ್ನೋ?"

ಮಗಳು ನಕ್ಕಳು. ಒಳಗೆ ಹಳೆಯ ಬಟ್ಟೆ ತುಂಬಿದರೆ ಅದು ದುಂಡನೆಯ ಗಿಡ್ಡ ಆಸನವಾಗುತ್ತದಂತೆ. ಅಜ್ಜಿಗೆ ಪೂಜೆಗೆ ಕೂಡಲು ಬರುತ್ತದೆಂದು ತಂದಿದ್ದಳು.

ಅಜ್ಜಿ ಎಂದರೆ ನನ್ನ ಅತ್ತೆ. ಮೊಣಕಾಲು ಕೈಕೊಟ್ಟ ಮೇಲೆ ಅವರಿಗೆ ಮಣೆಯ ಮೇಲೆ ಕೂಡುವುದಾಗುತ್ತಿರಲಿಲ್ಲ. ನಮ್ಮ ದೇವರ ಮಂಟಪ ಗಿಡ್ಡದು. ಕುರ್ಚಿ ಹಾಕಿಕೊಂಡು ದೇವರಿಗಿಂತ ಮೇಲೆ ಕೂಡುವುದು ಅವರಿಗೆ ಒಗ್ಗದ ಮಾತು. ಪೂಜೆ ನನ್ನ ಪಾಲಿಗೆ ಬಂತು. ಅವರು ಹೊಸ್ತಿಲಾಚೆ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ತಮ್ಮ ಕೈಯಾರೆ ದೇವರಿಗೆ ಹೂವೇರಿಸದೆ ಚಹಾ ಕೂಡ ಕುಡಿಯದಿದ್ದವರು ಈಗ ತಾಟಿನಲ್ಲಿ ಅರ್ಧ ಊಟ ಬಿಟ್ಟೇಳುತ್ತಿದ್ದರು. ನನ್ನ ಪೂಜೆಯ ಮೇಲೆ ಅವರಿಗೆ ನಂಬಿಕೆಯಿಲ್ಲ ಎಂದು ನನಗೆ ಸಿಟ್ಟು. ಅವರು ದಿನದಿನಕ್ಕೆ ಸೊರಗುತ್ತಿದ್ದಾರೆ ಎಂಬುದು ಮಗಳಿಗೆ ಕಂಡಿತ್ತು.

"ದೇವರ ಮನ್ಯಾಗ ಚರ್ಮ? ಏನ ಮಾತಾಡ್ಲಿಕತ್ತಿ!" ಎಂದು ಅತ್ತೆ ಸೆರಗನ್ನು ಒತ್ತಟ್ಟಿಗೆ ಎಳೆದುಕೊಂಡರು.

ಮದುವೆಯಾಗಿ ಬಂದ ಹೊಸತರಲ್ಲಿ ಕೈಗಡಿಯಾರದ ಪಟ್ಟಿ ಚರ್ಮದ್ದೆಂದು ನನ್ನನ್ನು ನೆಂಟರೆದುರು ಗದರಿ ಅಡಿಗೆಮನೆಯ ಹೊಸ್ತಿಲಲ್ಲೇ ನಿಲ್ಲಿಸಿದವರು ಅವರು. ನಮ್ಮವರ ಬೆಲ್ಟು ಇಂದಿಗೂ ಹೊರಗಿನ ಮೊಳೆಗೇ ತೂಗುತ್ತದೆ.

"ಅಜ್ಜನ ತಬಲಾ ದೇವರ ಮನ್ಯಾಗನ ಅದಲ್ಲ, ಅಜ್ಜಿ? ಅದೂ ಆಡಿನ ಚರ್ಮನ."

ಅತ್ತೆ ದೇವರ ಮನೆಯ ಮೂಲೆಯತ್ತ ಕಣ್ಣು ಹಾಯಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆ ದೇಶದಲ್ಲಿ ಚರ್ಮ ಮೆತ್ತಗಾಗಲು ಪಾರಿವಾಳದ ಹಿಕ್ಕೆಯ ನೀರಿನಲ್ಲಿ ನೆನೆಹಾಕುತ್ತಾರೆ ಎಂದೂ ಮಗಳು ಸೇರಿಸಿದಳು. ಅದೇ ಹಿಕ್ಕೆಯ ಕಾಟಕ್ಕೆ ಬಾಲ್ಕನಿಗೆ ಬಲೆ ಕಟ್ಟಿಸಿದವಳು ನಾನು. ಮಾತು ಅಲ್ಲಿಗೆ ಮುಗಿಯಿತು. ಕೌದಿಗೆಂದು ಇಟ್ಟಿದ್ದ ಹಳೆಯ ಸೀರೆಗಳನ್ನು ತುಂಬಿ ಅದನ್ನು ಹಾಲ್‌ನ ಮೂಲೆಗಿಟ್ಟೆವು. ಮಗಳು ಊರಿನ ಇನ್ನೊಂದು ತುದಿಗಿರುವ ಖರಾಡಿಯ ತನ್ನ ಮನೆಗೆ ಹೋದಳು. ಅತ್ತೆ ಅದಕ್ಕೆ ಕೆಂಪು ಕುಂಬಳಕಾಯಿ ಎಂದು ಹೆಸರಿಟ್ಟರು.

ಕೆಲವು ದಿನಗಳಾದ ಮೇಲೆ ನನ್ನ ಮೂಗು ಚುರುಕಾಯಿತು. ಕುಂಬಳಕಾಯಿಯ ಬದಿಗೆ ಹೊಲಿದಿದ್ದ ನಕ್ಷತ್ರ ಬೆಳಿಗ್ಗೆ ಕಿಟಕಿಯತ್ತ ಇತ್ತು. ನಾನು ಭಾಜಿ ತರುವಷ್ಟರಲ್ಲಿ ಗೋಡೆಯತ್ತ ತಿರುಗಿತ್ತು. ನೆತ್ತಿಯಲ್ಲಿ ತಗ್ಗು. ಭಾಂಡಿ ತಿಕ್ಕುವ ಕೆಲಸದ ಮಾವಶಿಯನ್ನು ಕೇಳಿದೆ. ಕೂಡಲಿಕ್ಕೆ ತನಗೆ ಪುರುಸೊತ್ತೆಲ್ಲಿದೆ ಎಂದು ಮರಾಠಿಯಲ್ಲಿ ಜಗಳಕ್ಕೇ ಬಂದಳು. ನಮ್ಮವರನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತಲಿಲ್ಲ. ಬಗ್ಗಿ ಮೂಸಿದೆ. ಬಂದಾಗ ಹುಳಿಹುಳಿ ನಾರುತ್ತಿದ್ದ ಚರ್ಮ ಊದುಬತ್ತಿಯ ವಾಸನೆ ಹೊಡೆಯುತ್ತಿತ್ತು! ನಾನು ಏರಿಸಿದ ಹೂವುಗಳೂ ಜಾಗ ಬದಲಿಸಿದ್ದವು. ಇನ್ನೂ ವಿಚಿತ್ರವೆಂದರೆ, ಅತ್ತೆ ತಾಟು ಖಾಲಿ ಮಾಡತೊಡಗಿದ್ದರು.

ಮರುದಿನ ಭಾಜಿಗೆ ಹೊರಟವಳು ಬೇಕೆಂದೇ ಅರ್ಧ ದಾರಿಗೆ ತಿರುಗಿ ಬಂದು, ಸದ್ದಾಗದಂತೆ ಬಾಗಿಲು ತೆಗೆದೆ.

ಕುಂಬಳಕಾಯಿ ದೇವರೆದುರಿಗಿತ್ತು. ಅದನ್ನು ಉರುಳಿಸಿಕೊಂಡೇ ಒಯ್ದಿರಬೇಕು. ಮೇಲೆ ಧಾಬಳಿ ಹಾಸಿದ್ದರು. ಉಣ್ಣೆಗೆ ಮೈಲಿಗೆಯಿಲ್ಲವಲ್ಲ, ಅದಕ್ಕೇ ಆ ಮಡಿಬಟ್ಟೆ. ಮೂಲೆಯಲ್ಲಿ ಮಾವನವರ ತಬಲಾದ ಗವಸಣಿಗೆ ಬಿಚ್ಚಿತ್ತು. ಎರಡೂ ಚರ್ಮವನ್ನು ಮುಟ್ಟಿ ತಾಳೆ ನೋಡಿರಬೇಕು. ನನಗಿಂತ ಅನುಮಾನದವರು! ಬೆನ್ನು ನೆಟ್ಟಗೆ ಮಾಡಿ ಕೂತು ಅತ್ತೆ ತುಳಸಿ ಏರಿಸುತ್ತಿದ್ದರು.

ನನ್ನ ನಾಲಿಗೆ ತುರಿಸಿತು. ಕೈಗಡಿಯಾರದ ದಿನ ಅವರು ಆಡಿದ ಮಾತನ್ನು ಅದೇ ದನಿಯಲ್ಲಿ ಹಿಂದಿರುಗಿಸಬಹುದಿತ್ತು. ಇಂಥ ದಿನಕ್ಕಾಗಿ ನಾನು ಕಾದದ್ದೂ ಸುಳ್ಳಲ್ಲ. ಆದರೆ ಊಟದ ತುತ್ತೆತ್ತುವಾಗ ನಡುಗುವ ಅವರ ಕೈ ಈಗ ನಡುಗುತ್ತಿರಲಿಲ್ಲ. ಬಾಗಿಲೆಳೆದುಕೊಂಡು ಕೆಳಗಿಳಿದು, ಬೇಡದ ಕೊತ್ತಂಬರಿ ಕೊಂಡೆ.

ಅಂದಿನಿಂದ ಭಾಜಿ ತರಲು ತಡ ಮಾಡುತ್ತೇನೆ. ಬಂದಮೇಲೂ ಕೀಲಿಗೊಂಚಲನ್ನು ಜೋರಾಗಿ ಅಲುಗಿಸಿ, ಕೆಮ್ಮಿ, ಆಮೇಲೆ ಒಳಗೆ ಬರುತ್ತೇನೆ.

"ಇಷ್ಟ ಹೊತ್ತೇನು? ಯಾರ ಜೋಡಿ ಹರಟಿ ಹೊಡೀತಿ?" ಎಂದು ಅತ್ತೆ ನನ್ನ ಮೇಲೆಯೇ ಅನುಮಾನಪಟ್ಟರು.

"ಭಾಳ ಗದ್ದಲಿತ್ರೀ," ಎಂದೆ.

ಮೊನ್ನೆ ಬಾಗಿಲಾಚೆ ನಿಂತಾಗ ಅವರು ನರಳುತ್ತ ಏಳುವುದು ಕೇಳಿಸಿತು. ಒಳಗೆ ಬಂದು ನೋಡಿದರೆ ಕುಂಬಳಕಾಯಿ ಕುಸಿದಿತ್ತು. ಮಧ್ಯಾಹ್ನ ಅವರು ಮಲಗಿದಾಗ ಅದರ ಹೊಟ್ಟೆ ಬಿಚ್ಚಿ, ನನ್ನದೊಂದು ಹಳೆಯ ಸೀರೆ ತುರುಕಿ, ನಕ್ಷತ್ರವನ್ನು ಮೊದಲಿದ್ದಂತೆಯೇ ತಿರುಗಿಸಿಟ್ಟೆ.

ತೀರ್ಥ ಕೊಡುವುದು ಪೂಜೆ ಮಾಡಿದವರು. ಮರುದಿನ ನಾನು ಭಾಜಿ ಚೀಲ ಕೆಳಗಿಡುವಷ್ಟರಲ್ಲಿ ಅತ್ತೆ ತೀರ್ಥದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಕೈಯೊಡ್ಡಿದೆ. ನನ್ನ ಮುಖ ನೋಡದೆ ಒಂದು ಚಮಚ ಹಾಕಿದರು.

"ಇನ್ನೊಂದ ಸೀರಿ ಹಿಡೀತದ ನೋಡು," ಎಂದರು.