ಸೋರೆಕಾಯಿ ಶ್ಯಾವಿಗೆಯ ಸುಬೇದಾರರು

ಅವರ ಬಿಳಿ ಮೀಸೆಯ ಬಲತುದಿಯಲ್ಲಿ ಸೋರೆಕಾಯಿಯ ಎಳೆಯೊಂದು ಸದಾ ಜೋತಾಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕಿದ್ವಾಯಿ ನಗರದ ನಮ್ಮ ಬ್ಲಾಕಿನಲ್ಲಿ ಯಾರಿಗೂ ಇರಲಿಲ್ಲ. ಮೇಲಿನ ಮನೆಯಲ್ಲಿ ಮಗ ಸೊಸೆಯ ಜೊತೆಗಿದ್ದ ಆ ಕೊಡಗಿನ ನಿವೃತ್ತ ಸುಬೇದಾರರನ್ನು ನಾನು ಮಾವ ಎನ್ನುತ್ತಿದ್ದೆ. ಆಗಷ್ಟೇ ಮದುವೆಯಾಗಿ ದೆಹಲಿಗೆ ಬಂದಿದ್ದ ನನಗೆ ಕನ್ನಡದಲ್ಲಿ ಗದರಿಸುವವರು ಅವರೊಬ್ಬರೇ.

ಮಾವನ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲವೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಜನವರಿಯ ಪರೇಡಿನಲ್ಲಿ ಮೊಮ್ಮಗಳು ಎನ್‌ಸಿಸಿ ತಂಡದ ಜೊತೆ ನಡೆಯುವವಳಿದ್ದಳು. ಅದನ್ನು ಕಣ್ಣಾರೆ ನೋಡಬೇಕೆಂದು ಅನ್ನ ಬಿಟ್ಟರು, ಚಪಾತಿ ಬಿಟ್ಟರು. ಒತ್ತು ಶ್ಯಾವಿಗೆ ಮಾತ್ರ ಬಿಡಲಾಗಲಿಲ್ಲ. ಯುದ್ಧ ಕಂಡ ಮನುಷ್ಯ ಶ್ಯಾವಿಗೆಯ ಹೆಸರೆತ್ತಿದರೆ ಮೆತ್ತಗಾಗುತ್ತಿದ್ದರು.

ಒಂದು ಭಾನುವಾರ ಸೊಸೆಯ ಕಣ್ಣು ತಪ್ಪಿಸಿ, ಊರಿನಿಂದ ತಂದಿದ್ದ, ಶ್ಯಾವಿಗೆ ಒತ್ತುವ ಮೂರು ಕಾಲಿನ ಒರಳನ್ನು ಹೊತ್ತು ನಮ್ಮ ಅಡುಗೆಮನೆಗೆ ಇಳಿದುಬಂದರು. ಅಕ್ಕಿಹಿಟ್ಟಿನ ಉಂಡೆಯ ಬದಲು ಬೇಯಿಸಿದ ಸೋರೆಕಾಯಿ ತುಂಬಿ ಒತ್ತುವುದು ಅವರ ಯೋಜನೆ. ನಾನು ಒರಳಿನ ಕಾಲು ಹಿಡಿದೆ. ಮಾವ ಉಸಿರು ಬಿಗಿಹಿಡಿದು ಒತ್ತಿದರು. ಎಳೆ ಬರಲಿಲ್ಲ, ನೀರು ಪಿಚಕಾರಿಯಂತೆ ಚಿಮ್ಮಿ ನನ್ನ ಮುಖ, ಅವರ ಮೀಸೆ, ಗೋಡೆಯ ಕ್ಯಾಲೆಂಡರು ಎಲ್ಲವೂ ತೊಯ್ದವು.

"ಹಿಂದೆ ಸರಿಯೋದೂ ಒಂದು ವಿದ್ಯೆ ಕಣಮ್ಮ," ಎಂದು ಮುಖ ಒರೆಸಿಕೊಂಡರು.

ಮರುದಿನದಿಂದ ತರಕಾರಿ ಭಯ್ಯಾನ ಗಾಡಿಯೆದುರು ನಿಂತು ಎಳೆಯ ಸೋರೆಕಾಯಿಗಳನ್ನು ಉಗುರಿನಿಂದ ಚುಚ್ಚಿ ಆರಿಸತೊಡಗಿದರು. ಹಸಿಯದನ್ನೇ ಉದ್ದುದ್ದ ತುರಿದು, ಉಪ್ಪು ಬೆರೆಸಿ, ನೀರು ಹಿಂಡಿ, ಸಾಸಿವೆ ಹಸಿಮೆಣಸಿನ ಒಗ್ಗರಣೆಯಲ್ಲಿ ಎರಡು ಸಲ ಹೊರಳಿಸಿ ನಿಂಬೆ ಹಿಂಡಿದರೆ ಅಡುಗೆ ಮುಗಿಯಿತು. ಕುಕ್ಕರು ಕೂಗುವಷ್ಟರಲ್ಲಿ ಅವರ ಊಟವೇ ಆಗಿರುತ್ತಿತ್ತು.

ಮೊಮ್ಮಗಳು ತಟ್ಟೆಗೆ ಇಣುಕಿದಳು. "ಅಜ್ಜ, ಯೇ ತೋ ಲೌಕಿ ಹೈ. ಬರೀ ಸೋರೆಕಾಯಿ, ಶ್ಯಾವಿಗೆ ಅಲ್ಲ."

"ಒಗ್ಗರಣೆ ಬಿದ್ದ ಮೇಲೆ ಶ್ಯಾವಿಗೆನೇ. ಯೂನಿಫಾರ್ಮ್ ಹಾಕಿದ ಮೇಲೆ ಎಲ್ಲರೂ ಸಿಪಾಯಿ ಅಲ್ವಾ?"

ಸಕ್ಕರೆ ಇಳಿಯಿತು, ಆಪರೇಷನ್ನೂ ಆಯಿತು. ಪರೇಡು ನೋಡಿ ಮರಳಿದ ಮಾವನನ್ನು, ಮೊಮ್ಮಗಳು ಹೇಗೆ ನಡೆದಳು ಎಂದು ಕೇಳಿದೆ.

"ಎಲ್ಲ ಹುಡುಗೀರೂ ಒಂದೇ ಥರ ಇದ್ರಮ್ಮ. ನಮ್ಮವಳು ಯಾರು ಅಂತ ಗೊತ್ತೇ ಆಗಲಿಲ್ಲ. ಎಲ್ಲರಿಗೂ ಸಲ್ಯೂಟ್ ಹೊಡೆದೆ."

ಹೇಳುವಾಗ ಆಪರೇಷನ್ ಆದ ಕಣ್ಣು ತುಂಬಿ ಬಂದಿತ್ತು.

ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗ ಸಕ್ಕರೆ ನನ್ನನ್ನೂ ಹಿಡಿದಿದೆ. ಸಂಜೆ ಸೋರೆಕಾಯಿ ತುರಿದು ಒಗ್ಗರಣೆ ಹಾಕುತ್ತೇನೆ. ಅದು ಶ್ಯಾವಿಗೆಯ ಹಾಗಿಲ್ಲ, ಎಂದೂ ಇರಲಿಲ್ಲ. ಆದರೂ ಮಾವನ ಮರ್ಯಾದೆಗೆಂದು ಇನ್ನೊಂದು ಸಲ ಬಡಿಸಿಕೊಳ್ಳುತ್ತೇನೆ.