ಯಾರ ಹೆಸರೂ ಬಿಡದ ವೈಜಿನಾಥರಾವ್

ವೈಜಿನಾಥರಾವ್ ಯಾವ ಸಭೆಗೆ ಬಂದರೂ ಮೊದಲು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. ಎಡಗಣ್ಣು ಅರ್ಧ ಮುಚ್ಚಿ, ಪೆನ್ನಿನ ತುದಿಯಿಂದ ಗಾಳಿಯಲ್ಲಿ ಚುಕ್ಕೆ ಇಡುತ್ತಾ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ. ಸಂತೆಯಲ್ಲಿ ಕುರಿ ಎಣಿಸುವವರೂ ಹೀಗೇ ಎಣಿಸುತ್ತಾರೆ. ಆದರೆ ಕುರಿಯವನು ಕುರಿಗಳ ಹೆಸರು ಕೇಳುವುದಿಲ್ಲ. ವೈಜಿನಾಥರಾವ್ ಕೇಳುತ್ತಿದ್ದರು, ಪ್ರತಿಯೊಬ್ಬರದನ್ನೂ, ಇನಿಷಿಯಲ್ ಸಮೇತ.

ಅವರದು ನಾಲ್ಕು ಪುಟದ ಒಂದು ವಾರಪತ್ರಿಕೆ. ಸಂಪಾದಕರು, ವರದಿಗಾರರು, ಫೋಟೋ ತೆಗೆಯುವವರು, ಸ್ಕೂಟರಿನ ಮೇಲೆ ಹಂಚುವವರು ಎಲ್ಲಾ ಅವರೊಬ್ಬರೇ. ಸ್ಕೂಟರಿನ ಮುಂದೆ ‘ಪ್ರೆಸ್’, ಹಿಂದೆ ‘ಪ್ರೆಸ್’, ಹೆಲ್ಮೆಟ್ಟಿನ ಮೇಲೂ ‘ಪ್ರೆಸ್’. ಬೀದರ, ಭಾಲ್ಕಿ, ಔರಾದ ಈ ಮೂರು ಊರಿನಲ್ಲಿ ಎಲ್ಲಿ ಜಯಂತಿ ನಡೆದರೂ, ಎಲ್ಲಿ ಯಾರಿಗೆ ಸನ್ಮಾನವಾದರೂ, ಯಾವ ಓಣಿಯವರು ಯಾವ ಸಾಹೇಬರಿಗೆ ಮನವಿಪತ್ರ ಕೊಟ್ಟರೂ ಬಿಸ್ಕಿಟ್ ಬಣ್ಣದ ಸಫಾರಿಯಲ್ಲಿ ಅಲ್ಲಿ ಹಾಜರಿರುತ್ತಿದ್ದರು. ಏನು ನಡೆಯಿತು ಎಂದು ಎಂದೂ ಕೇಳಿದವರಲ್ಲ. ಯಾರ್ಯಾರು ಬಂದಿದ್ದರು ಎಂಬುದಷ್ಟೇ ಅವರಿಗೆ ಬೇಕಾದದ್ದು. “ಸುದ್ದಿ ಬಿಟ್ರ ನಡೀತದ್ರಿ ಟೀಚರ್, ಹೆಸರ ಬಿಟ್ರ ನಡ್ಯಂಗಿಲ್ಲ,” ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಇದನ್ನು ಅವರು ಪತ್ರಿಕಾಧರ್ಮ ಎಂದು ತಿಳಿದಿದ್ದರು.

ನಾನು ಜನವಾಡದ ಸಾಲಿಯಲ್ಲಿ ಕಲಿಸುವವಳು, ಮನೆ ಬೀದರದ ಚಿದ್ರಿಯಲ್ಲಿ. ದಿನದ ಸಂಗತಿ ಬರೆದಿಡುವುದು ನನಗೆ ಹುಡುಗಿಯಾಗಿದ್ದಾಗಿನಿಂದ ಬಂದ ಚಾಳಿ. ನಳ ಎಷ್ಟು ಗಂಟೆಗೆ ಬಂತು, ಜನವಾಡದ ಬಸ್ಸು ಯಾವ ದಿನ ತಪ್ಪಿತು, ಯಾರ ಮನೆಯ ಕೂಸಿಗೆ ಹೆಸರಿಟ್ಟರು, ಎಲ್ಲಾ ಹಾಳೆ ಉಳಿದ ಹಳೆಯ ನೋಟುಬುಕ್ಕುಗಳಲ್ಲಿ ಇದೆ. ಪಕ್ಕದ ಪುಟದಲ್ಲಿ ಮೈದಾಹಿಟ್ಟಿನ ಅಂಟಿನಿಂದ ಪತ್ರಿಕೆಯ ತುಣುಕು ಅಂಟಿಸುತ್ತೇನೆ. ವೈಜಿನಾಥರಾವ್ ಪತ್ರಿಕೆಯನ್ನು ಓದಿದವರು ಬಹಳ ಇಲ್ಲ, ಕತ್ತರಿಸಿದವರು ಬಹಳ. ನಾನೂ ಅವರಲ್ಲೊಬ್ಬಳು.

ಹಾಗೆ ಕತ್ತರಿಸುತ್ತಿದ್ದುದರಿಂದಲೇ ಭಾಲ್ಕಿಯ ಕೊಡಗಳ ಸಂಗತಿ ನನ್ನ ಕಣ್ಣಿಗೆ ಬಿತ್ತು. ನನ್ನ ತಂಗಿಯ ಮನೆ ಭಾಲ್ಕಿಯಲ್ಲಿ. ಅವಳ ಓಣಿಯಲ್ಲಿ ಪೈಪು ಹಾಕಲೆಂದು ರಸ್ತೆ ಅಗೆದವರು ಪೈಪೂ ಹಾಕಲಿಲ್ಲ, ರಸ್ತೆಯನ್ನೂ ಮುಚ್ಚಲಿಲ್ಲ. ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಸಾಹೇಬರ ಬಾಗಿಲಿಗೆ ಹೋದರು. ವೈಜಿನಾಥರಾವ್ ಅವರನ್ನು ಸಾಲಾಗಿ ನಿಲ್ಲಿಸಿ, ಕೊಡ ತಲೆಯ ಮೇಲೆ ಇಟ್ಟುಕೊಳ್ಳಿ, ಮುಖ ಸೊಟ್ಟ ಮಾಡಬೇಡಿ, ಫೋಟೋದಲ್ಲಿ ನಗಬೇಕು ಎಂದು ಹೇಳಿದರಂತೆ. ನಕ್ಕರು. ಫೋಟೋ ಬಂತು, ತಂಗಿ ಕಳಿಸಿದಳು, ಅಂಟಿಸಿದೆ. ಎರಡು ತಿಂಗಳ ಮೇಲೆ ಔರಾದದ ಒಂದು ಸುದ್ದಿ ಬಂತು. ಯಾವುದೋ ಭವನದ ಉದ್ಘಾಟನೆ, ಗಣ್ಯರಿಗೆ ಮಹಿಳೆಯರಿಂದ ಪೂರ್ಣಕುಂಭ ಸ್ವಾಗತ. ಫೋಟೋದಲ್ಲಿ ನನ್ನ ತಂಗಿ! ಅದೇ ಮುರಿದ ಗೋಡೆ, ಮೂಲೆಯಲ್ಲಿ ಅದೇ ಆಡು. ಕೆಳಗೆ ಮಾತ್ರ ಔರಾದದ ಹೆಣ್ಣುಮಕ್ಕಳ ಹೆಸರುಗಳು, ಒಂದೂ ಬಿಡದೆ.

ಮುಂದಿನ ಶನಿವಾರ ಪತ್ರಿಕೆ ಕೊಡಲು ಬಂದಾಗ ಎರಡೂ ತುಣುಕು ಎದುರಿಗಿಟ್ಟೆ. ಅವರಿಗೆ ನಾಚಿಕೆ ಎನಿಸಲಿಲ್ಲ. ನನ್ನ ಮೇಲೆ ಕನಿಕರ ಬಂದವರ ಹಾಗೆ ನೋಡಿದರು.

“ಕೊಡ ಅಂದ್ರ ಕೊಡಾನೇ ಅಲ್ಲೇನ್ರಿ ಟೀಚರ್? ಒಳಗ ನೀರ ಅದನೋ ಇಲ್ಲೋ, ಫೋಟೋದಾಗ ಕಾಣ್ತದೇನು?”

ತಂಗಿಗೆ ಫೋನು ಮಾಡಿ ಹೇಳಿದೆ. ಅವಳ ನಳಕ್ಕೆ ಇನ್ನೂ ನೀರು ಬಂದಿರಲಿಲ್ಲ. ಆದರೆ ಎರಡನೆಯ ಫೋಟೋವನ್ನೂ ಅವಳು ಕತ್ತರಿಸಿ ಇಟ್ಟಾಗಿತ್ತು. ಬರೀ ವೈಜಿನಾಥರಾವ್ ಅವರನ್ನು ಬೈದು ಏನು ಬಂತು? ನಾವು ಇರುವುದೇ ಹೀಗೆ.

ಅವರ ಚೀಲದಲ್ಲಿ ಕ್ಯಾಮೆರಾದ ಜೊತೆ ಕಾಯಂ ಒಂದು ಶಾಲು ಇರುತ್ತಿತ್ತು. ಕಂದು ಬಣ್ಣದ್ದು, ಜರಿಯಂಚಿನದು. ಸಂಘಟಕರು ಶಾಲು ತರಲು ಮರೆತಲ್ಲಿ ಅದನ್ನು ಒದಗಿಸುತ್ತಿದ್ದರು. ಫೋಟೋ ಆದ ಮೇಲೆ ಸನ್ಮಾನಿತರ ಹೆಗಲಿನಿಂದ ತಾವೇ ತೆಗೆದು, ಮಡಿಕೆ ಕೆಡದಂತೆ ಮಡಚಿ, ಚೀಲಕ್ಕೆ ಸೇರಿಸುತ್ತಿದ್ದರು. ಮೂರು ಊರಿನ ಅರ್ಧ ಗಣ್ಯರು ಆ ಒಂದೇ ಶಾಲಿನಲ್ಲಿ ಸನ್ಮಾನ ಪಡೆದವರು. ಒಂದೊಂದು ಕಡೆ ಸನ್ಮಾನ ಯಾರಿಗೂ ನಿಗದಿಯಾಗಿರದಿದ್ದರೆ ಶಾಲು ಅವರ ಹೆಗಲನ್ನೇ ಏರುತ್ತಿತ್ತು. ಆಗ ಕ್ಯಾಮೆರಾ ಬೇರೆಯವರ ಕೈಗೆ.

ನಮ್ಮ ಮನೆಯ ಎದುರಿಗೆ ಒಂದು ಖಾಲಿ ಜಾಗ ಇತ್ತು. ಬಡಾವಣೆಯ ಹಳೆಯ ನಕಾಶೆಯಲ್ಲಿ ಅದು ಉದ್ಯಾನವನ. ಉದ್ಯಾನ ಯಾರೂ ಮಾಡಲಿಲ್ಲ. ಒಂದು ಬೇವಿನ ಮರ ತಾನಾಗಿ ಬೆಳೆಯಿತು, ಅದರ ಬುಡಕ್ಕೆ ನಾವು ಒಂದು ಕಲ್ಲಿನ ಬೆಂಚು ಹಾಕಿಸಿದೆವು. ಗಣಪತಿಗೆ ಪೆಂಡಾಲು ಅಲ್ಲೇ, ಏಪ್ರಿಲ್‌ನಲ್ಲಿ ನೀಲಿ ಪತಾಕೆ ಅಲ್ಲೇ, ಡಿಸೆಂಬರಿನಲ್ಲಿ ನಮ್ಮ ನಕ್ಷತ್ರ ಕಟ್ಟುವುದೂ ಅದೇ ಬೇವಿನ ಮರಕ್ಕೆ. ಮಿಷನ್ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸ್ ಆಗಿದ್ದ ನನ್ನ ಅವ್ವ ಮೊಣಕಾಲು ಹಿಡಿದುಕೊಂಡ ಮೇಲೆ ಮನೆಯಿಂದ ಆ ಬೆಂಚಿನವರೆಗೆ, ಬೆಂಚಿನಿಂದ ಮನೆಯವರೆಗೆ ಎರಡು ಹೊತ್ತು ನಡೆಯುತ್ತಿದ್ದಳು. ಅವಳ ಲೋಕ ಕೊನೆಗೆ ಅಷ್ಟೇ ಉದ್ದ ಉಳಿದಿತ್ತು.

ಆ ಡಿಸೆಂಬರಿನಲ್ಲಿ ಇಡೀ ಬಡಾವಣೆಯವರಿಗೆ ಬೇವಿನ ಮರದಡಿ ಕ್ರಿಸ್‌ಮಸ್ ಚಹಾ ಇಟ್ಟಿದ್ದೆವು. ಪಕ್ಕದ ಮನೆಯ ಧನರಾಜಣ್ಣನ ಮನೆಯವರು ಅವಲಕ್ಕಿ ಚೂಡಾ ಮಾಡಿಕೊಂಡು ಬಂದರು. ಧನರಾಜಣ್ಣ ಟಪಾಲು ಇಲಾಖೆಯಲ್ಲಿದ್ದು ನಿವೃತ್ತರಾದವರು, ಬೌದ್ಧರು, ಮಿತಭಾಷಿ. ವೈಜಿನಾಥರಾವ್ ಕರೆಯದೆ ಬಂದರು. ಬಂದವರೇ ತಲೆ ಎಣಿಸಿದರು. ಆಮೇಲೆ ಬಡಾವಣೆಯ ಹಿರಿಯರಿಗೆ ಸನ್ಮಾನ ಆಗಲೇಬೇಕು ಎಂದು ಹೇಳಿ ಅವ್ವನ ಹೆಗಲಿಗೆ ಚೀಲದ ಶಾಲು ಹೊದಿಸಿ, ಎಲ್ಲರನ್ನೂ ಅವಳ ಸುತ್ತ ನಿಲ್ಲಿಸಿ ಫೋಟೋ ತೆಗೆದರು. ತೆಗೆದದ್ದೇ ಶಾಲಿಗೆ ಕೈ ಹಾಕಿದರು.

“ಫೋಟೋಕ್ಕ ಆಯ್ತಲ್ರಿ ಅವ್ವಾರೆ,” ಎಂದರು.

ಅವ್ವ ಶಾಲು ಬಿಟ್ಟುಕೊಟ್ಟಳು. “ಒಯ್ಯಪಾ. ನಾ ಇಷ್ಟು ಕೂಸು ಹಿಡದೀನಿ, ಒಂದಕ್ಕೂ ಸುತ್ತಿದ ಅರಿವಿ ಹೊಳ್ಳಿ ತಗೊಂಡಿಲ್ಲ,” ಎಂದು ಚೂಡಾ ತಿನ್ನತೊಡಗಿದಳು. ಸುತ್ತಲಿನವರು ನಕ್ಕರು. ವೈಜಿನಾಥರಾವ್ ಕೂಡ ನಕ್ಕು ಶಾಲು ಮಡಚಿದರು.

ಆ ವಾರದ ಪತ್ರಿಕೆಯನ್ನು ಅವರು ಮನೆಮನೆಗೆ ತಂದು ಪುಕ್ಕಟೆ ಕೊಟ್ಟರು. ಹಾಗೆ ಎಂದೂ ಕೊಟ್ಟವರಲ್ಲ. ಫೋಟೋ ಮೇಲೆ ಬರುವಂತೆ ಮಡಚಿಕೊಂಡೇ ತಂದಿದ್ದರು. ನನ್ನ ಬಾಗಿಲಲ್ಲಿ ನಿಂತು, “ಕತ್ರಿ ತರ್ರಿ ಟೀಚರ್, ನಾನೇ ಕತ್ತರಸಿ ಕೊಡ್ತೇನಿ. ಅವ್ವಾರ ಫೋಟೋ ಅದ, ಜ್ವಾಪಾನ ಇಡ್ರಿ,” ಎಂದರು. ಕತ್ತರಿ ತಂದುಕೊಟ್ಟೆ. ಹೆಸರಿನ ಸಾಲುಗಳೂ ಬರುವಂತೆ ನೀಟಾಗಿ ಕತ್ತರಿಸಿ ಕೈಗಿತ್ತರು. ಉಳಿದ ಹಾಳೆ ಒಲೆ ಒರೆಸಲು ಹೋಯಿತು. ಅಂಟು ಕಲಸಿ ಆ ಸಂಜೆಯೇ ಅಂಟಿಸಿದೆ. ಹೊಸ ವರ್ಷದ ಸಂಚಿಕೆಯಲ್ಲಿ ಒಬ್ಬ ಬಿಲ್ಡರ್ ಸಾಹೇಬರ ಇಡೀ ಪುಟದ ಶುಭಾಶಯ ಬಂದದ್ದನ್ನು ನೋಡಿದೆ. ಅದರಲ್ಲಿ ನಮ್ಮವರ್ಯಾರೂ ಇರಲಿಲ್ಲವಾದ್ದರಿಂದ ಕತ್ತರಿಸಲಿಲ್ಲ.

ಫೆಬ್ರುವರಿಯಲ್ಲಿ ಅವ್ವ ಹೋದಳು. ಆ ಕ್ರಿಸ್‌ಮಸ್ಸಿನ ಫೋಟೋವೇ ಅವಳ ಕೊನೆಯ ಫೋಟೋ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಖಾಲಿ ಜಾಗಕ್ಕೆ ಜೆಸಿಬಿ ಬಂತು. ಧನರಾಜಣ್ಣ ಹಳೆಯ ನಕಾಶೆ ಹಿಡಿದುಕೊಂಡು ಕಚೇರಿಗೆ ಹೋದರು. ಅಲ್ಲಿಯವರು ಫೈಲು ತೆಗೆದು ತೋರಿಸಿದರಂತೆ: ಜಾಗದ ಉಪಯೋಗ ಬದಲಾಗಿದೆ, ಇನ್ನು ಅಲ್ಲಿ ಆ ಶುಭಾಶಯದ ಬಿಲ್ಡರ್ ಸಾಹೇಬರ ಅಂಗಡಿ ಕಾಂಪ್ಲೆಕ್ಸು. ಬದಲಾಯಿಸುವ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆದಿದ್ದರು, ಗಡುವು ಮುಗಿಯುವವರೆಗೆ ಒಂದೂ ಬರಲಿಲ್ಲ. ಯಾವ ಪತ್ರಿಕೆ ಎಂದು ಇವರು ಕೇಳಿದ್ದಾರೆ. ವೈಜಿನಾಥರಾವ್ ಪತ್ರಿಕೆಯ ಹೆಸರು ಕೇಳಿದ್ದೇ ನೆಟ್ಟಗೆ ನಮ್ಮ ಮನೆಗೆ ಬಂದರು. ತಾರೀಖು ಹೇಳಿ, “ಆ ವಾರದ್ದು ನಿಮ್ಮಲ್ಲಿ ಅದೇನವ್ವಾ ಟೀಚರ್?” ಎಂದರು.

ನೋಟುಬುಕ್ಕು ತೆಗೆದೆ. ಆ ವಾರದ್ದೆಂದು ನನ್ನಲ್ಲಿ ಇದ್ದದ್ದು ಅವ್ವನ ಫೋಟೋ ಒಂದೇ. ಪ್ರಕಟಣೆ ಅದರ ಹಿಂಬದಿಯಲ್ಲೇ ಇರಬಹುದೇ ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂತು. ಆಮೇಲೆ ನಾನು ಒಲೆಯ ಮೇಲೆ ನೀರು ಕಾಯಿಸಿ, ಹಾಳೆಯನ್ನು ಹಬೆಗೆ ಹಿಡಿದು, ಚಾಕುವಿನ ಮೊಂಡು ಬದಿಯಿಂದ ಮೆಲ್ಲಗೆ ಎಬ್ಬಿಸತೊಡಗಿದೆ. ಮೈದಾ ಅಂಟು ಸುಲಭಕ್ಕೆ ಬಿಡುವುದಿಲ್ಲ. ಅವ್ವನ ಎಡ ಹೆಗಲು, ಶಾಲಿನ ಅಂಚಿನ ಸಮೇತ, ನೋಟುಬುಕ್ಕಿನಲ್ಲೇ ಉಳಿಯಿತು. ಉಳಿದದ್ದು ಬಿಡಿಸಿಕೊಂಡು ಬಂತು. ತಿರುಗಿಸಿದೆವು. ಹಿಂದೆ ಸಣ್ಣ ಅಕ್ಷರದಲ್ಲಿ ಪ್ರಕಟಣೆ ಇತ್ತು. ಬಡಾವಣೆಯ ಹೆಸರಿಲ್ಲ, ಬೇವಿನ ಮರದ ಮಾತಿಲ್ಲ; ಒಂದು ಸರ್ವೆ ನಂಬರು, ಒಂದು ಗಡುವು. ಮುಂದಿನ ಬದಿಯಲ್ಲಿ ನಮ್ಮೆಲ್ಲರ ಹೆಸರು.

ಧನರಾಜಣ್ಣ ಎದ್ದು ಮನೆಗೆ ಹೋಗಿ, ಗೋಡೆಯಿಂದ ತಮ್ಮ ಕಟ್ಟು ಹಾಕಿಸಿದ ಫೋಟೋ ತಂದು, ಹಿಂದಿನ ರಟ್ಟು ಬಿಚ್ಚಿದರು. ಅಲ್ಲೂ ಅದೇ. ನಮ್ಮ ಬಡಾವಣೆಯ ಪ್ರತಿ ಮನೆಯಲ್ಲೂ ಆ ಪ್ರಕಟಣೆ ಗಡುವು ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ಕೂತಿತ್ತು.

ವೈಜಿನಾಥರಾವ್ ಬೆಳಗಿನ ಹೊತ್ತು ಗಾಂಧಿ ಗಂಜ್ ಮಾರುಕಟ್ಟೆಯ ಚಹಾದಂಗಡಿಯಲ್ಲಿ ಸಿಗುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮರುದಿನ ಇಬ್ಬರೂ ಹೋದೆವು. ತೊಗರಿ ಚೀಲ ಇಳಿಸುವ ಹಮಾಲರ ಗದ್ದಲದ ನಡುವೆ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು. ನಾನು ತುಣುಕನ್ನು ಹಿಂಬದಿ ಮೇಲಾಗಿ ಮುಂದಿಟ್ಟೆ. ಅವರು ಬಸಿ ಕೆಳಗಿಡಲಿಲ್ಲ.

“ಮುಚ್ಚಿಟ್ಟೀನೇನ್ರಿ ನಾ? ಮನಿ ಮನಿಗಿ ನನ್ನ ಕೈಲೇ ತಂದು ಕೊಟ್ಟೀನಿ. ಹಿಂಗ ಯಾವ ಪೇಪರಿನವ ಮಾಡ್ತಾನ ಹೇಳ್ರಿ. ನೀವು ಹೊಳ್ಳಿಸಿ ನೋಡಲಿಲ್ಲಂದ್ರ ನಾ ಏನ್ ಮಾಡ್ಲಿ?”

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟೊಂದು ಖರೆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಧನರಾಜಣ್ಣ ನಿಧಾನಕ್ಕೆ ಹೇಳಿದರು:

“ನಾನೂ ಜಿಂದಗಿ ಪೂರಾ ಮನಿ ಮನಿಗಿ ಟಪಾಲ ಕೊಟ್ಟವ, ವೈಜಿನಾಥ. ಕೆಟ್ಟ ಸುದ್ದಿ ಇದ್ರ ಬಾಗಲದಾಗ ನಿಂತು ಓದಿ ಹೇಳ್ತಿದ್ದೆ. ಕತ್ರಿ ಕೇಳ್ತಿದ್ದಿಲ್ಲ.”

ವೈಜಿನಾಥರಾವ್ ಇನ್ನೊಂದು ಚಹಾ ಹೇಳಿದರು, ನಮಗೂ ಸೇರಿಸಿ. ನಾವು ಕುಡಿಯಲಿಲ್ಲ.

ಅದಾದ ವಾರ ಬಡಾವಣೆಯವರೆಲ್ಲ ಮನವಿಪತ್ರ ಹಿಡಿದು ಕಚೇರಿಯ ಮುಂದೆ ನಿಂತೆವು. ಬಿಸಿಲು ಏರಿತ್ತು. ಸ್ಕೂಟರಿನ ಸದ್ದು ಕೇಳಿಸಿತು. ಅವರೇ! ನಿಂತು, ಎಡಗಣ್ಣು ಅರ್ಧ ಮುಚ್ಚಿ, ಎಣಿಸಿದರು. ಎತ್ತರದವರನ್ನು ಹಿಂದಕ್ಕೆ ಕಳಿಸಿದರು, ಮನವಿಪತ್ರವನ್ನು ಇನ್ನೊಂದು ಸಲ ಕೊಡಿಸಿದರು. ಆಮೇಲೆ ಪೆನ್ನು ಹಿಡಿದು ಒಬ್ಬೊಬ್ಬರ ಮುಂದೆ ಬಂದರು. ಯಾರಾದರೂ ಒಬ್ಬರು ಬೈದು ಕಳಿಸುತ್ತಾರೆ ಎಂದು ನಾನು ಕಾದೆ. ಒಬ್ಬೊಬ್ಬರೂ ಹೆಸರು ಹೇಳಿದರು. ಧನರಾಜಣ್ಣನ ಮನೆಯವರು ಸೆರಗು ಸರಿಮಾಡಿಕೊಂಡು ಹೇಳಿದರು. ಧನರಾಜಣ್ಣ ಮಾತ್ರ ಮುಖ ತಿರುಗಿಸಿ ನಿಂತರು. ಪೆನ್ನು ನನ್ನ ಮುಂದೆ ಬಂತು. ನಾನು ನನ್ನ ಹೆಸರು ಹೇಳಿದೆ, ಇನಿಷಿಯಲ್ ಸಮೇತ. ಈ ಸಂಗತಿಯನ್ನು ಆ ದಿನದ ಪುಟದಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆಗಬೇಕಾದದ್ದು ಆಯಿತು. ಬೇವಿನ ಮರ ಒಂದೇ ದಿನದಲ್ಲಿ ಹೋಯಿತು. ಬೆಂಚಿನ ಕಲ್ಲನ್ನು ಅಡಿಪಾಯಕ್ಕೆ ಹಾಕಿದರು. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆಯ ಫಂಕ್ಷನ್ ಹಾಲ್. ಈಗ ಗಣಪತಿಗೂ ಕ್ರಿಸ್‌ಮಸ್ಸಿಗೂ ಆ ಹಾಲ್ ಅನ್ನೇ ಮೊದಲೇ ಹೇಳಿ ಹಿಡಿಯಬೇಕು.

ಎರಡು ವರ್ಷದ ಮೇಲೆ ಒಂದು ಭಾನುವಾರ, ನಾವು ಚರ್ಚಿನಿಂದ ಬಂದ ಹೊತ್ತಿಗೆ, ವೈಜಿನಾಥರಾವ್ ನಮ್ಮ ಗೇಟಿನಲ್ಲಿ ನಿಂತಿದ್ದರು. ಸಫಾರಿ ಮೈಗೆ ದೊಡ್ಡದಾಗಿತ್ತು. ಪತ್ರಿಕೆ ನಿಂತುಹೋಗಿದೆ, ಎಲ್ಲರಿಗೂ ಈಗ ಅವರವರ ಮೊಬೈಲಿನಲ್ಲೇ ಅವರವರ ಫೋಟೋ ಬರುತ್ತದೆ ಎಂದರು. ಪತ್ರಕರ್ತರ ಮಾಸಾಶನಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಹಳೆಯ ಸಂಚಿಕೆಗಳನ್ನು ಲಗತ್ತಿಸಬೇಕು. ಅವರಲ್ಲಿ ಒಂದೂ ಉಳಿದಿರಲಿಲ್ಲ. ಮೂರು ಊರಲ್ಲಿ ವರ್ಷಗಟ್ಟಲೆ ತುಣುಕು ಕೂಡಿಸಿ ಇಟ್ಟುಕೊಂಡವಳು ನಾನೊಬ್ಬಳೇ ಎಂದು ಯಾರೋ ಹೇಳಿದ್ದರಂತೆ.

ಕುಡಿಯಲು ನೀರು ಕೊಟ್ಟೆ. ನೋಟುಬುಕ್ಕುಗಳನ್ನು ತಂದಿಟ್ಟೆ. ಒಂದೊಂದೇ ಪುಟ ತಿರುವುತ್ತಾ ತಮ್ಮ ಕೆಲಸಕ್ಕೆ ತಾವೇ ತಲೆದೂಗುತ್ತಾ ಹೋದರು. ಅವ್ವನ ಪುಟ ಬಂತು. ಅದನ್ನು ನಾನು ಈಗ ಒಂದೇ ಅಂಚಿಗೆ ಅಂಟಿಸಿದ್ದೇನೆ, ಬಾಗಿಲಿನ ಹಾಗೆ ತೆರೆಯುತ್ತದೆ. ಅವರು ನೋಡುತ್ತಿದ್ದಂತೆ ಕೈ ಚಾಚಿ ಅದನ್ನು ತಿರುಗಿಸಿ ಹಿಂಬದಿ ತೋರಿಸಿದೆ.

ಅವರು ಓದಲಿಲ್ಲ. ಮೆಲ್ಲಗೆ ಮತ್ತೆ ಈಚೆಗೆ ಮಗುಚಿ, ಕಿಸೆಯಿಂದ ಪೆನ್ನು ತೆಗೆದು, ಕಾಗದಕ್ಕೆ ತಾಗಿಸದೆ, ಹೆಸರಿನ ಸಾಲುಗಳ ಮೇಲೆ ಚುಕ್ಕೆ ಇಡುತ್ತಾ ತುಟಿಯಲ್ಲೇ ಎಣಿಸಿದರು.

“ಯಾರ ಹೆಸರೂ ಬಿಟ್ಟಿಲ್ಲ ನೋಡ್ರಿ ಟೀಚರ್,” ಎಂದರು. ಆ ತುಣುಕು ಬೇಕೆಂದು ಕೇಳಿದರು. ಕೊಡಲಿಲ್ಲ. ಭಾಲ್ಕಿಯ ಕೊಡದ ಫೋಟೋ ಎರಡನ್ನೂ ಬಿಡಿಸಿ ಕೊಟ್ಟೆ; ಅವರ ಕೆಲಸಕ್ಕೆ ಸಾಕ್ಷಿಯಾಗಿ ಅದಕ್ಕಿಂತ ಒಳ್ಳೆಯದು ನನ್ನಲ್ಲಿ ಇರಲಿಲ್ಲ. ಖುಷಿಯಿಂದಲೇ ತೆಗೆದುಕೊಂಡರು. ಇಡಲೆಂದು ಚೀಲದ ಬಾಯಿ ತೆರೆದಾಗ ಒಳಗೆ ಕಂದು ಶಾಲು ಕಂಡಿತು, ಮಡಿಕೆ ಕೆಟ್ಟಿರಲಿಲ್ಲ.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಗೇಟು ದಾಟಿದರು. ಎದುರಿಗೆ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಯಾವುದೋ ಮದುವೆಯ ಮಂದಿ ನೆರಳಿಲ್ಲದೆ ನಿಂತಿದ್ದರು. ವೈಜಿನಾಥರಾವ್ ಸ್ಕೂಟರಿನ ಹತ್ತಿರ ಹೋದವರು ಅಲ್ಲೇ ಒಂದು ಗಳಿಗೆ ನಿಂತು, ಎಡಗಣ್ಣು ಅರ್ಧ ಮುಚ್ಚಿ, ಮುಂದಿನ ಸಾಲಿನಿಂದ ಎಣಿಸತೊಡಗಿದರು.