ಓರಗಿತ್ತಿಯ ದನಿ ಇಟ್ಟ ಜಾಗ

ನಮ್ಮಲ್ಲಿ ಮದುವೆಮನೆಯ ಸೋಬಾನೆಯನ್ನು ಒಬ್ಬಳೇ ಹೇಳುವ ಕ್ರಮ ಇಲ್ಲ. ಒಬ್ಬಳು ಮೊದಲ ಸಾಲು ಹೇಳಬೇಕು, ಅದರ ಬೆನ್ನಿಗೆ ಇನ್ನೊಬ್ಬಳು ಎರಡನೆಯ ಸಾಲು ಎತ್ತಿಕೊಳ್ಳಬೇಕು. ಮೊದಲನೆಯದು ನನ್ನ ಓರಗಿತ್ತಿಯದು, ಎರಡನೆಯದು ನನ್ನದು. ಅಡುಗೆಮನೆಯಲ್ಲಿ ನಮಗೆ ಒಂದು ದಿನವೂ ಸರಿಬರಲಿಲ್ಲ. ಹಸೆಯ ಮುಂದೆ ಕೂತರೆ ಮಾತ್ರ ಅವಳು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ನಾನು ಹಿಡಿಯುತ್ತಿದ್ದೆ. ಅವಳ ಸಾಲನ್ನು ನಾನು ಕಲಿಯಲಿಲ್ಲ. ಕಲಿತರೆ ಅವಳ ಜಾಗ ಕಿತ್ತುಕೊಂಡ ಹಾಗಾಗುತ್ತಿತ್ತು.

ತೀರ್ಥಹಳ್ಳಿಯ ಕಾಲೇಜಿನ ಮೇಡಂ ಒಬ್ಬರು ಬಂದು ನಮ್ಮಿಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಹಾಡಿಸಿಕೊಂಡು ಹೋಗಿದ್ದರು. ಅದರ ಮೇಲೆ ಲೇಖನ ಬರೆದರು. ಕಾಗದದ ಪತ್ರಿಕೆಗಲ್ಲ, ನೆಟ್ಟಿನಲ್ಲಿ ಬರುವ ಪತ್ರಿಕೆಗೆ. ಓದುವವರು ಒತ್ತಿದರೆ ನಮ್ಮ ದನಿಯೂ ಕೇಳುತ್ತಿತ್ತು. "ಇನ್ನು ಇದು ಎಲ್ಲೂ ಹೋಗಲ್ಲ ಅಮ್ಮ" ಎಂದರು. ಓರಗಿತ್ತಿ ನಂಬಿದಳು. ಅವಳ ಮಗಳು ಹಾಡು ಕಲಿಸು ಎಂದಾಗೆಲ್ಲ, "ಮೊಬೈಲಲ್ಲಿ ಇದ್ಯಲ್ಲೇ, ಒತ್ತಿ ಕೇಳು. ನನ್ ಗಂಟಲು ಯಾಕೆ ಹರ್ಕೊಳ್ಳಲಿ?" ಎನ್ನುತ್ತಿದ್ದಳು. ಕಲಿಸದೆಯೇ ಸತ್ತಳು.

ಹೋದ ಬೇಸಿಗೆಯಲ್ಲಿ ಅವಳ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಅರಿಶಿನ ಹಚ್ಚುವ ದಿನ ಅಮ್ಮನ ದನಿಯೇ ಬೇಕು ಎಂದು ಮಗಳು ಮೊದಲೇ ಮೊಬೈಲ್ ಒತ್ತಿ ನೋಡಿದಳು. ಬಿಳಿ ಹಾಳೆ ಬಂತು, ಮತ್ತೇನಿಲ್ಲ. ನಾನೂ ಅವಳೂ ಹೊಸನಗರದಲ್ಲಿ ಬಸ್ ಹತ್ತಿ ತೀರ್ಥಹಳ್ಳಿಗೆ ಹೋದೆವು. ಇಳಿಯುವಾಗ ನನ್ನ ಮಂಡಿ ಹಿಡಿದುಕೊಂಡಿತ್ತು.

ಮೇಡಂ ಕಂಪ್ಯೂಟರಿನಲ್ಲಿ ಹುಡುಕಿದರು. ಆ ಪತ್ರಿಕೆ ನಿಂತುಹೋಗಿತ್ತು. ಹಾಗೆ ನಿಂತರೂ ಬರೆದದ್ದು ಹಾಳಾಗಬಾರದೆಂದು ಪ್ರಕಾಶಕರು ಮೊದಲೇ ಒಂದು ಪ್ರತಿಯನ್ನು ಬೇರೆ ಕಡೆ, ಕಾಪಾಡುವುದೇ ಕೆಲಸವಾದವರ ಬಳಿ ಇಟ್ಟಿರುತ್ತಾರಂತೆ. ಪತ್ರಿಕೆ ಮುಚ್ಚಿದ ಮೇಲೆ ಅವರು ಅದನ್ನು ಎಲ್ಲರಿಗೂ ತೆರೆಯುತ್ತಾರಂತೆ. ಅಲ್ಲಿ ನಮ್ಮ ಲೇಖನ ಸಿಕ್ಕಿತು. ನಾನು ಅಕ್ಷರ ಕೂಡಿಸಿ ಓದುವವಳು. ನನ್ನ ಸಾಲು ಇತ್ತು, ಅವಳದ್ದೂ ಇತ್ತು.

"ದನಿ ಎಲ್ಲಿ ಮೇಡಮ್ಮ?"

ಅವರು ಮತ್ತೆ ಹುಡುಕಿದರು. "ಪತ್ರಿಕೆಯೋರು ಬರೆದಿದ್ದನ್ನ ಮಾತ್ರ ಕಳ್ಸಿದಾರಮ್ಮ. ದನಿ ಲೇಖನದ ಜೊತೆಗೆ ಸೇರಿಸಿದ್ದು ಅಷ್ಟೇ ಅಂತ ಅವರ ಲೆಕ್ಕ. ಅದನ್ನ ಅಲ್ಲಿಗೆ ಕೊಟ್ಟೇ ಇಲ್ಲ."

"ನಿಮ್ ಹತ್ರ?"

"ಹಳೇ ಕಂಪ್ಯೂಟರಲ್ಲಿತ್ತು, ಅದು ಕೆಟ್ಟೋಯ್ತು. ಪತ್ರಿಕೇಲಿ ಇದ್ಯಲ್ಲ ಅಂತ ನಾನೂ..."

"ಚಲೋ ಆಯ್ತು. ಹಲಸಿನ ಸಿಪ್ಪೆ ಕಟ್ಟಿಟ್ಟು ತೊಳೆ ಎಸೆದ್ರಾ?" ಎಂದೆ. ಬೈಯುವ ತ್ರಾಣವೂ ನನಗಿರಲಿಲ್ಲ.

ಮಗಳು ಕಣ್ಣು ಒರೆಸಿಕೊಂಡಳು. "ಚಿಕ್ಕಮ್ಮ, ಅಮ್ಮನ ಸಾಲೂ ನೀನೇ ಹೇಳು. ಬರ್ದದ್ದು ಇದ್ಯಲ್ಲ."

ಹೇಳಿ ನೋಡಿದೆ. ಮಾತು ಬಂತು, ಧಾಟಿ ಬರಲಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಅಲ್ಲಿ ಬರೆದಿರಲಿಲ್ಲ. ಅವಳ ದನಿ ನನ್ನ ಕಿವಿಯಲ್ಲಿದೆ, ಗಂಟಲಿಗೆ ಇಳಿಯುವುದಿಲ್ಲ. "ರೇಷನ್ ಚೀಟಿ ಓದಿದಂಗಾತು" ಎಂದು ನಿಲ್ಲಿಸಿದೆ.

ಮೇಡಂ ಮೊಬೈಲನ್ನು ನನ್ನ ಎದುರಿಗಿಟ್ಟು, ನಿಮ್ಮ ಸಾಲನ್ನಾದರೂ ಹಾಡಿ ಎಂದರು.

"ಈ ಸಲ ಎಲ್ಲಿಡ್ತೀರಿ?"

"ಬೇರೆ ಬೇರೆ ಕಡೆ ಇಡ್ತೀನಿ. ಕಾಪಾಡೋರ ಹತ್ರ ದನಿನೂ ಕೊಡ್ತೀನಿ. ಕೊಟ್ಟು ಸುಮ್ನೆ ಕೂರಲ್ಲ, ಆಗಾಗ ತೆಗೆದು ಕೇಳ್ತೀನಿ."

"ನೀವು ರಿಟೈರಾದ್ಮೇಲೆ?"

"ಅದು ಗೊತ್ತಿಲ್ಲಮ್ಮ" ಎಂದರು. ಸುಳ್ಳು ಹೇಳಲಿಲ್ಲವಲ್ಲ, ಅಷ್ಟಾದರೂ ಆಯಿತು.

ಹಾಡಿದೆ. ಅವಳ ಸಾಲು ಬರುವಲ್ಲೆಲ್ಲ ಅದು ಮುಗಿಯುವಷ್ಟು ಹೊತ್ತು ಬಾಯಿ ಮುಚ್ಚಿ ಕೂತೆ. ಆದ ಮೇಲೆ ಮೇಡಂ, "ಸುಮ್ನೆ ಇದ್ದ ಕಡೆ ಎಲ್ಲ ಕತ್ತರಿಸಿ ಕೂಡಿಸ್ತೀನಿ. ಕೇಳೋಕೆ ಚೆನ್ನಾಗಿರುತ್ತೆ" ಎಂದರು.

"ಕತ್ತರಿಸ್ಬೇಡಿ. ಅವಳದ್ದು ಎಲ್ಲಾದ್ರೂ ಸಿಕ್ರೆ ಎಲ್ಲಿ ಕೂರಿಸ್ತೀರಿ?"

ಅರಿಶಿನದ ದಿನ ಹಸೆಯ ಮುಂದೆ ನಾನೊಬ್ಬಳೇ ಕೂತೆ. ಮದುಮಗಳ ಕೆನ್ನೆಗೆ ಅರಿಶಿನ ಬಿತ್ತು. ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಯಾರೋ ಬೆನ್ನು ತಿವಿದು, "ಶುರು ಮಾಡೇ ಅಜ್ಜಿ, ಮರ್ತೋಯ್ತಾ?" ಎಂದಳು.

"ಶುರುವಾಗಿದೆ. ಸುಮ್ನಿರು ಮಾರಾಯ್ತಿ" ಎಂದೆ.